ಗುಳಿಗೆ ಹಾಳೆ ತಿರುಗಿಸಿ ಓದಿ: ವಿಟಮಿನ್ ಬಿ ಮತ್ತು ಮನೆಯಲ್ಲಿರುವ ಉಳಿದ ಔಷಧಿಗಳು

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ. "ನಮ್ಮ ಅಪ್ಪಗ 63 ವರ್ಷ. ಸಕ್ಕರೆ ಕಾಯಿಲೆ ಬಂದು 11 ವರ್ಷ ಆಯ್ತು. ಮೆಟ್‌ಫಾರ್ಮಿನ್ 1000 ಬೆಳಿಗ್ಗೆ ಒಂದು, ರಾತ್ರಿ ಒಂದು, ಜೊತೆಗೆ ಗ್ಲಿಮಿಪಿರೈಡ್. ಬಿಪಿಗೆ ಟೆಲ್ಮಿಸಾರ್ಟಾನ್. ಗ್ಯಾಸಿಗೆ ಪ್ಯಾಂಟೊಪ್ರಜೋಲ್ ನಾಲ್ಕು ವರ್ಷದಿಂದ ದಿನಾ ನುಂಗ್ತಾರ. ಒಂದು ವರ್ಷದಿಂದ ಅಂಗಾಲು ಉರಿ, ಜೋಮು. ರಾತ್ರಿ ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗ್ತಾರ. ಊರಿನಾಗ ವಾರಕ್ಕೊಮ್ಮೆ ಕೆಂಪು ಸೂಜಿ, ಒಮ್ಮೊಮ್ಮೆ ಸಲೈನ್ ಹಚ್ಚಿಸಿಕೊಂಡು ಬರ್ತಾರ. ಸೂಜಿ ಮಾಡಿಸಿದ ಮರುದಿನ ಸಕ್ಕರೆ ಏರಿರ್ತದ. ರಾಯಚೂರಿನಾಗ ರಕ್ತ ತಪಾಸಣೆ ಮಾಡಿಸಿದಾಗ ಬಿ12 148 ಬಂತು. ಬರೆದುಕೊಟ್ಟ ನರದ ಗುಳಿಗೆ ತಗೊಂಡ್ರ ತಲೆ ತಿರುಗ್ತದ ಅಂತಾರ. ಮೆಡಿಕಲ್ ಶಾಪಿನವರು ವಿಟಮಿನ್ ಯಾವುದರ ಜೊತೆಗಾದ್ರೂ ನಡೀತದ ಅಂತಾರ, ಓಣಿಯವರು ಸಕ್ಕರೆ ಗುಳಿಗೆ ಜೊತೆ ಬಿ ಕಾಂಪ್ಲೆಕ್ಸ್ ಉಷ್ಣ ಅಂತಾರ. ಎಷ್ಟು ತಾಸು ಅಂತರ ಬಿಡಬೇಕು? ಅವ್ವ ಇಪ್ಪತ್ತು ವರ್ಷದಿಂದ ಫಿಟ್ಸಿಗೆ ಫೆನಿಟಾಯಿನ್ ತಗೋತಾಳ, ಆಕಿಗೆ ಈಗ ರಕ್ತ ಕಡಿಮೆ ಅಂತ ಫೋಲಿಕ್ ಆಸಿಡ್ 5 ಕೊಟ್ಟಾರ. ನನಗ ಥೈರಾಯ್ಡ್ ಗುಳಿಗೆ ನಡೆದದ, ಕೂದಲು ಉದುರ್ತದ ಅಂತ ಬಯೋಟಿನ್ ಶುರು ಮಾಡೀನಿ, ಈ ಸಲ ಟಿಎಸ್‌ಎಚ್ ಭಾಳ ಕಡಿಮೆ ಬಂದದ. ಮನೆಯಾಗ ಫ್ರಿಜ್ ಇಲ್ಲ, ಈ ಬಿಸಿಲಿನಾಗ ಬಿ12 ಸೂಜಿ ಎಲ್ಲಿ ಇಡಬೇಕು?"

ಉತ್ತರ: ಒಂದೇ ಮನೆಯ ಮೂವರ ಕೈಯಲ್ಲೂ ವಿಟಮಿನ್ ಬಿ ಇದೆ, ಆದರೆ ಮೂವರ ಸಮಸ್ಯೆ ಮೂರು ಬಗೆ. ತಂದೆಯವರಲ್ಲಿ ಬೇರೆ ಔಷಧಿಗಳು ವಿಟಮಿನ್ನನ್ನು ಕಡಿಮೆ ಮಾಡಿವೆ. ತಾಯಿಯವರಲ್ಲಿ ವಿಟಮಿನ್ನೇ ಬೇರೆ ಔಷಧಿಯನ್ನು ಕಡಿಮೆ ಮಾಡಬಹುದು. ನಿಮ್ಮಲ್ಲಿ ವಿಟಮಿನ್ ಔಷಧಿಯನ್ನು ಮುಟ್ಟಿಲ್ಲ, ರಕ್ತಪರೀಕ್ಷೆಯ ಲೆಕ್ಕ ತಪ್ಪಿಸಿರುವ ಸಾಧ್ಯತೆ ಹೆಚ್ಚು.

ಮೊದಲು ಓಣಿಯವರ ಮಾತು. ನೀವು ಬರೆದ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಟೆಲ್ಮಿಸಾರ್ಟಾನ್ ಯಾವುದಕ್ಕೂ ಸಾಮಾನ್ಯ ಬಿ ಕಾಂಪ್ಲೆಕ್ಸ್ ತೊಂದರೆ ಕೊಡುವುದಿಲ್ಲ. ಅಮ್ಲೋಡಿಪಿನ್, ಆಸ್ಪಿರಿನ್, ಅಟೊರ್ವಾಸ್ಟಾಟಿನ್ ಸೇರಿಸಿದರೂ ಇದೇ ಮಾತು. ಉಷ್ಣ ಎನ್ನುವುದಕ್ಕೆ ಎರಡು ಕಾರಣ ಇದ್ದಂತಿದೆ. ಒಂದು, ಗುಳಿಗೆ ನುಂಗಿದ ಎರಡು ಮೂರು ತಾಸಿಗೆ ಮೂತ್ರ ಕಡು ಹಳದಿ ಆಗುತ್ತದೆ. ಅದು ಹೆಚ್ಚಾದ ಬಿ2, ಅಂದರೆ ರೈಬೋಫ್ಲಾವಿನ್, ಹೊರಗೆ ಹೋಗುವ ಬಣ್ಣ. ಉಷ್ಣವೂ ಅಲ್ಲ, ಕಾಮಾಲೆಯೂ ಅಲ್ಲ. ಇನ್ನೊಂದು, ಬಿ3ಯ ಒಂದು ರೂಪವಾದ ನಿಕೋಟಿನಿಕ್ ಆಸಿಡ್ ಮುಖ ಕೆಂಪಾಗಿಸಿ ಮೈ ಬಿಸಿ ಮಾಡುತ್ತದೆ. ಅಂಗಡಿಯ ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅದಲ್ಲ, ನಿಯಾಸಿನಮೈಡ್, ಅದೂ 45ರಿಂದ 100 ಮಿಲಿಗ್ರಾಂ. ಅದರಿಂದ ಮೈ ಬಿಸಿಯಾಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಸಲು ದಿನಕ್ಕೆ 1 ಗ್ರಾಂ, 2 ಗ್ರಾಂ ನಿಕೋಟಿನಿಕ್ ಆಸಿಡ್ ಕೊಟ್ಟರೆ ಮಾತು ಬೇರೆ. ಆ ಪ್ರಮಾಣದಲ್ಲಿ ಸಕ್ಕರೆ ಏರುತ್ತದೆ, ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಗುಳಿಗೆ ಜೊತೆ ಸೇರಿದರೆ ಸ್ನಾಯುಗಳಿಗೂ ಪೆಟ್ಟು ಬೀಳಬಹುದು. ಈಗ ಹಾಗೆ ಕೊಡುವವರು ಬಹಳ ಕಡಿಮೆ.

ಹಾಗಂತ ಮೆಡಿಕಲ್ ಶಾಪಿನವರ ಮಾತನ್ನೂ ಪೂರ್ತಿ ಒಪ್ಪುವಂತಿಲ್ಲ. ವಿಟಮಿನ್ ಯಾವುದರ ಜೊತೆಗಾದರೂ ನಡೆಯುತ್ತದೆ ಎನ್ನಬೇಕಾದರೆ ಹಾಳೆಯೊಳಗೆ ಬರೀ ವಿಟಮಿನ್ ಇರಬೇಕಲ್ಲ. ನಮ್ಮಲ್ಲಿ ಅಷ್ಟೇ ಇರುವುದು ಕಡಿಮೆ.

ನಿಮ್ಮ ತಂದೆಯವರ "ನರದ ಗುಳಿಗೆ"ಯ ಹಾಳೆ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಬೆಳಕಿಗೆ ಹಿಡಿದು ಓದಿ. ಇಂಥ ಗುಳಿಗೆಗಳಲ್ಲಿ ಹೀಗಿರುತ್ತದೆ: ಮಿಥೈಲ್‌ಕೋಬಾಲಮಿನ್ 750 ಮೈಕ್ರೋಗ್ರಾಂ, ಪ್ರೆಗಾಬಾಲಿನ್ 75 ಮಿಲಿಗ್ರಾಂ, ಆಲ್ಫಾ ಲಿಪೋಯಿಕ್ ಆಸಿಡ್ 100 ಮಿಲಿಗ್ರಾಂ, ಫೋಲಿಕ್ ಆಸಿಡ್ 1.5 ಮಿಲಿಗ್ರಾಂ, ಪಿರಿಡಾಕ್ಸಿನ್ 3 ಮಿಲಿಗ್ರಾಂ. ಇದರಲ್ಲಿ ಮಿಥೈಲ್‌ಕೋಬಾಲಮಿನ್ ಎಂದರೆ ಬಿ12, ಪಿರಿಡಾಕ್ಸಿನ್ ಎಂದರೆ ಬಿ6, ಫೋಲಿಕ್ ಆಸಿಡ್ ಎಂದರೆ ಬಿ9. ಆಲ್ಫಾ ಲಿಪೋಯಿಕ್ ಆಸಿಡ್ ವಿಟಮಿನ್ ಅಲ್ಲದ ಒಂದು ಪೂರಕ. ಪ್ರೆಗಾಬಾಲಿನ್ ಅಂತೂ ವಿಟಮಿನ್ ಅಲ್ಲವೇ ಅಲ್ಲ. ಅದು ನರದ ನೋವು ತಗ್ಗಿಸುವ, ಫಿಟ್ಸಿಗೂ ಬಳಸುವ ಗಟ್ಟಿ ಔಷಧಿ. ಕೆಲವು ಹಾಳೆಗಳಲ್ಲಿ ಅದರ ಜಾಗದಲ್ಲಿ ಗ್ಯಾಬಪೆಂಟಿನ್ ಇರುತ್ತದೆ, ಕೆಲವದರಲ್ಲಿ ನಾರ್ಟ್ರಿಪ್ಟಿಲಿನ್ ಕೂಡ ಸೇರಿರುತ್ತದೆ. ತಲೆ ತಿರುಗುವುದು, ಮಂಪರು, ಕಾಲು ಬಾವು ಇವೆಲ್ಲ ಪ್ರೆಗಾಬಾಲಿನ್ ಗುಣ. ಬಿ12 ತಲೆ ತಿರುಗಿಸುವುದಿಲ್ಲ.

ಇದು ಯಾಕೆ ಮುಖ್ಯವೆಂದರೆ, "ವಿಟಮಿನ್ ತಾನೆ" ಎಂದು ಜನ ಎರಡು ತಪ್ಪು ಮಾಡುತ್ತಾರೆ. ಉರಿ ಹೆಚ್ಚಾದ ದಿನ ಒಂದರ ಬದಲು ಎರಡು ನುಂಗುತ್ತಾರೆ. ಹಾಳೆ ಖಾಲಿಯಾದಾಗ ಒಮ್ಮೆಲೇ ಬಿಟ್ಟುಬಿಡುತ್ತಾರೆ. ಪ್ರೆಗಾಬಾಲಿನ್ ತಿಂಗಳುಗಟ್ಟಲೆ ತೆಗೆದುಕೊಂಡವರು ದಿಢೀರನೆ ಬಿಟ್ಟರೆ ನಿದ್ದೆಗೆಡುವುದು, ಬೆವರುವುದು, ಚಡಪಡಿಕೆ ಆಗುತ್ತದೆ. ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ನಿದ್ದೆ ಗುಳಿಗೆ, ಟ್ರಮಡಾಲ್‌ನಂಥ ನೋವಿನ ಗುಳಿಗೆ ಅಥವಾ ಸಾರಾಯಿ ಜೊತೆ ಸೇರಿದರೆ ಮಂಪರು ಉಸಿರಾಟದವರೆಗೂ ಹೋಗಬಹುದು. ಕಿಡ್ನಿ ದುರ್ಬಲವಾಗಿದ್ದರೆ ಪ್ರಮಾಣ ಕಡಿಮೆ ಮಾಡಲೇಬೇಕು, ಯಾಕೆಂದರೆ ಅದು ಹೊರಹೋಗುವ ದಾರಿಯೇ ಕಿಡ್ನಿ. 11 ವರ್ಷದ ಸಕ್ಕರೆ ಕಾಯಿಲೆಯವರಿಗೆ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ನೋಡದೆ ಇದನ್ನು ಮುಂದುವರಿಸಬಾರದು. ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೀಟು ಇದ್ದರೆ ಅದು ವೈದ್ಯರ ಚೀಟಿ ಬೇಕಾದ ಔಷಧಿ ಎಂಬ ಗುರುತು. ಅಕ್ಷರ ಬರದವರಿಗೂ ಆ ಗೀಟು ಕಾಣುತ್ತದೆ.

ಇನ್ನು ಕೆಂಪು ಸೂಜಿ. ಬಿ12ರ ಕಣದ ನಡುವೆ ಕೋಬಾಲ್ಟ್ ಎಂಬ ಲೋಹ ಇರುವುದರಿಂದ ಅದರ ಬಣ್ಣ ಕೆಂಪು. ಬಣ್ಣ ನೋಡಿ ರಕ್ತ ಹೆಚ್ಚಿಸುವ ಸೂಜಿ, ಶಕ್ತಿ ಸೂಜಿ ಎಂಬ ಹೆಸರು ಬಂದಿದೆ. ಆದರೆ ಮರುದಿನ ಸಕ್ಕರೆ ಏರುವುದು ಬಿ12ರ ಗುಣವಲ್ಲ. ಅದೇ ಸಿರಿಂಜಿನಲ್ಲಿ ಇನ್ನೇನೋ ಸೇರಿದೆ ಎಂದು ಅನುಮಾನಿಸಬೇಕು. ಮೊದಲ ಅನುಮಾನ ಡೆಕ್ಸಾಮೆಥಾಸೋನ್ ಮೇಲೆ. ಇದು ಸ್ಟೀರಾಯ್ಡ್. ಮೈಕೈ ನೋವು ಅರ್ಧ ದಿನದಲ್ಲಿ ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, "ಸೂಜಿ ಭಾಳ ಚಲೋ ಆತು" ಎನಿಸುತ್ತದೆ, ಸಕ್ಕರೆ ಮಾತ್ರ ಒಂದೆರಡು ದಿನ ಇನ್ನೂರು ಮುನ್ನೂರು ದಾಟುತ್ತದೆ. ವಾರಕ್ಕೊಂದರಂತೆ ತಿಂಗಳುಗಟ್ಟಲೆ ಹಾಕಿಸಿಕೊಂಡವರು ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಸುಸ್ತು, ಬಿಪಿ ಇಳಿಯುವುದು ಆಗಬಹುದು. ಅದಕ್ಕೇ ಈ ಸೂಜಿಗಳ ವಿಷಯ ರಾಯಚೂರಿನ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಎರಡನೆಯ ಅನುಮಾನ ಡೈಕ್ಲೋಫೆನಾಕ್. ಇದು ನೋವಿನ ಔಷಧಿ. ಇದು ಸಕ್ಕರೆ ಏರಿಸುವುದಿಲ್ಲ, ಆದರೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರ ಕಿಡ್ನಿಗೆ ಒಳ್ಳೆಯದಲ್ಲ. ಅವರಿಗೆ ಮೂತ್ರ ಹೆಚ್ಚಿಸುವ ನೀರಿನ ಗುಳಿಗೆಯೂ ನಡೆದಿದ್ದರೆ, ಮೇಲೆ ಬೇಸಿಗೆಯ ನಿರ್ಜಲೀಕರಣವೂ ಸೇರಿದರೆ, ಕಿಡ್ನಿ ಕೆಲಸ ಕೆಲವೇ ದಿನಗಳಲ್ಲಿ ಕುಸಿಯಬಹುದು.

ಸಲೈನ್ ಬಾಟಲಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಶೇ. 5 ಡೆಕ್ಸ್‌ಟ್ರೋಸ್ ಇರುವ 500 ಎಂಎಲ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ, ನೇರ ರಕ್ತಕ್ಕೆ. ಶೇ. 0.9ರ ಸಲೈನ್ 500 ಎಂಎಲ್‌ನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 5 ಗ್ರಾಂಗಿಂತ ಕಡಿಮೆ. ಅದರೊಳಗೆ ಹಳದಿ ವಿಟಮಿನ್ ಆಂಪೂಲ್ ಒಡೆದು ಹಾಕಿದರೆ ಬಣ್ಣ ಬರುತ್ತದೆ, ಬಿ12ರ ಕೊರತೆ ಅದರಿಂದ ನೀಗುವುದಿಲ್ಲ. ವಾಂತಿ-ಭೇದಿಯಾಗಿ ನೀರು ಕುಡಿಯಲಾರದ ಸ್ಥಿತಿ ಇದ್ದರೆ ಸಲೈನ್ ಜೀವ ಉಳಿಸುತ್ತದೆ. ಅಂಗಾಲು ಉರಿಗೆ ಅದು ಔಷಧಿಯಲ್ಲ.

ಹಾಗಾದರೆ ಬಿ12 148ಕ್ಕೆ ಇಳಿದದ್ದು ಹೇಗೆ? ಒಂದು ಎಂಎಲ್‌ಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 200ರಿಂದ 300 ಇದ್ದರೆ ಅನುಮಾನ ಎಂದು ಹಿಡಿಯುತ್ತಾರೆ. ಬಿ12 ನಮ್ಮ ದೇಹಕ್ಕೆ ಬೇಕಾದದ್ದು ದಿನಕ್ಕೆ ಎರಡು ಎರಡೂವರೆ ಮೈಕ್ರೋಗ್ರಾಂ ಅಷ್ಟೇ. ಆದರೆ ಅದು ಊಟದ ತಾಟಿನಿಂದ ರಕ್ತಕ್ಕೆ ಸೇರುವ ದಾರಿ ಸುತ್ತಿನದು. ಹಾಲು, ಮೊಟ್ಟೆ, ಮಾಂಸದಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಅದನ್ನು ಬಿಡಿಸಬೇಕು. ಆಮೇಲೆ ಜಠರವೇ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಸಣ್ಣಕರುಳಿನ ಕೊನೆಯ ಭಾಗಕ್ಕೆ ಒಯ್ಯಬೇಕು. ಅಲ್ಲಿ ಕ್ಯಾಲ್ಸಿಯಂ ನೆರವಿನಿಂದ ಅದು ಒಳಗೆ ಸೇರುತ್ತದೆ. ಪ್ಯಾಂಟೊಪ್ರಜೋಲ್ ಮೊದಲ ಹಂತದಲ್ಲೇ ಆಮ್ಲ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಕೊನೆಯ ಹಂತದಲ್ಲಿ ಅಡ್ಡ ಬರುತ್ತದೆ, ಕ್ಯಾಲ್ಸಿಯಂ ಮಾಡಬೇಕಾದ ಕೆಲಸಕ್ಕೆ ಅಡಚಣೆ ಮಾಡುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ನಿಮ್ಮ ತಂದೆಗೆ ಎರಡೂ ಕಡೆ ತಡೆ. ಮೆಟ್‌ಫಾರ್ಮಿನ್ ಪ್ರಮಾಣ ಹೆಚ್ಚಿದಷ್ಟೂ, ವರ್ಷ ಕಳೆದಷ್ಟೂ ಕೊರತೆಯ ಸಂಭವ ಹೆಚ್ಚು. ದಿನಕ್ಕೆ 2000 ಮಿಲಿಗ್ರಾಂ, 11 ವರ್ಷ ಎಂದರೆ ಪ್ರತಿ ವರ್ಷ ನೋಡಬೇಕಿದ್ದ ಪರೀಕ್ಷೆ ಇದು.

ಮನೆಯಲ್ಲಿ ಮಾಂಸಾಹಾರ ಇಲ್ಲದಿದ್ದರೆ ಮೂರನೆಯ ಕಾರಣವೂ ಸೇರುತ್ತದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಇವುಗಳಲ್ಲಿ ಬಿ12 ಇಲ್ಲ. ಹಾಲು, ಮೊಸರಿನಲ್ಲಿ ಇದೆ, ದೊಡ್ಡ ಲೋಟ ಹಾಲಿಗೆ ಸುಮಾರು 1 ಮೈಕ್ರೋಗ್ರಾಂ. ನೀರು ಮಜ್ಜಿಗೆಯಲ್ಲಿ ಎಷ್ಟು ಉಳಿದೀತು ನೀವೇ ಲೆಕ್ಕ ಹಾಕಿ. ಸೊಪ್ಪು, ಕಾಳುಗಳಲ್ಲಿ ಫೋಲೇಟ್, ಅಂದರೆ ಬಿ9, ಮಾತ್ರ ಧಾರಾಳ. ಇದು ಒಳ್ಳೆಯದೇ, ಆದರೆ ಒಂದು ಮೋಸ ಇದೆ: ಫೋಲೇಟ್ ಚೆನ್ನಾಗಿದ್ದವರಲ್ಲಿ ಬಿ12 ಇಳಿದರೂ ರಕ್ತಹೀನತೆ ಕಾಣದೆ ಹೋಗಬಹುದು. ಹಿಮೋಗ್ಲೋಬಿನ್ 13 ಇದೆ, ಎಲ್ಲ ಸರಿ ಇದೆ ಎಂದುಕೊಂಡಿರುವಾಗ ಒಳಗೆ ನರ ಕೆಡುತ್ತಿರುತ್ತದೆ. ದೊಡ್ಡ ಪ್ರಮಾಣದ ಫೋಲಿಕ್ ಆಸಿಡ್ ಗುಳಿಗೆಯೂ ಇದನ್ನೇ ಮಾಡುತ್ತದೆ. ಆದ್ದರಿಂದ ಬಿ12 ಎಷ್ಟಿದೆ ಎಂದು ತಿಳಿಯದೆ ಬರೀ ಫೋಲಿಕ್ ಆಸಿಡ್ 5 ಮಿಲಿಗ್ರಾಂ ಶುರು ಮಾಡುವುದು ತಪ್ಪು ಕ್ರಮ. ಬಿ12 ಮೊದಲು ಅಥವಾ ಎರಡೂ ಒಟ್ಟಿಗೆ.

ಉರಿ ಸಕ್ಕರೆಯಿಂದಲೋ ಬಿ12 ಕೊರತೆಯಿಂದಲೋ ಎಂದು ಮನೆಯಲ್ಲಿ ಖಚಿತವಾಗಿ ಹೇಳಲಾಗದು, ಎರಡೂ ಸೇರಿರಬಹುದು. ಆದರೂ ಕೆಲವು ಸುಳಿವುಗಳನ್ನು ಗಮನಿಸಿ ವೈದ್ಯರಿಗೆ ಹೇಳಿ. ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡಿ ಗೋಡೆ ಹಿಡಿಯುತ್ತಾರಾ? ಕತ್ತಲಲ್ಲಿ ನಡೆಯಲು ಹೆದರುತ್ತಾರಾ? ಕಾಲಿನಿಂದ ಚಪ್ಪಲಿ ಜಾರಿಹೋದದ್ದು ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರಾ? ಕಾಲಿನ ಜೊತೆಗೇ ಕೈಬೆರಳಿಗೂ ಜೋಮು ಬಂದಿದೆಯಾ? ನಾಲಿಗೆ ಕೆಂಪಗೆ ನುಣುಪಾಗಿದೆಯಾ? ಇವು ಬಿ12 ಕಡೆಗೆ ಬೊಟ್ಟು ಮಾಡುತ್ತವೆ. ಸಕ್ಕರೆಯ ನರರೋಗ ಸಾಮಾನ್ಯವಾಗಿ ಪಾದದಿಂದ ಶುರುವಾಗಿ ಮೊಣಕಾಲಿನ ಹತ್ತಿರ ಬಂದ ಮೇಲೇ ಕೈಗೆ ಹೋಗುತ್ತದೆ.

ಎಷ್ಟು ತಾಸು ಅಂತರ ಎಂದು ಕೇಳಿದಿರಿ. ಹೊಟ್ಟೆಯೊಳಗೆ ಎರಡು ವಸ್ತು ಪರಸ್ಪರ ಅಂಟಿಕೊಂಡು ರಕ್ತಕ್ಕೆ ಸೇರದಂತಾಗುವ ಕಡೆ ಮಾತ್ರ ಅಂತರ ಕೆಲಸ ಮಾಡುತ್ತದೆ. ಮೆಟ್‌ಫಾರ್ಮಿನ್ ಮತ್ತು ಬಿ12ರ ಸಂಬಂಧ ಅಂಥದ್ದಲ್ಲ. ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಬೇರೆ ಮಾಡಿದರೂ ಲಾಭವಿಲ್ಲ, ಒಂದೇ ಗುಟುಕಿಗೆ ನುಂಗಿದರೂ ನಷ್ಟವಿಲ್ಲ. ಬಿ ಕಾಂಪ್ಲೆಕ್ಸ್ ಜೊತೆ ಸತು, ಕಬ್ಬಿಣ, ಕ್ಯಾಲ್ಸಿಯಂ ಸೇರಿರುವ ಗುಳಿಗೆಗೆ ಮಾತ್ರ ಅಂತರ ಬೇಕು. ಹೆಸರಿನ ಕೊನೆಗೆ ಝಡ್ ಎಂಬ ಅಕ್ಷರ ಇದ್ದರೆ ಬಹುತೇಕ ಸತು ಇದೆ ಎಂದರ್ಥ. ಈ ಲೋಹಗಳು ಥೈರಾಯ್ಡ್ ಗುಳಿಗೆಯಾದ ಥೈರಾಕ್ಸಿನ್, ಆಂಟಿಬಯೋಟಿಕ್‌ಗಳಾದ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಔಷಧಿಗಳನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಆಂಟಿಬಯೋಟಿಕ್ ಬರೆದುಕೊಟ್ಟು ಅದರ ಜೊತೆಗೇ "ಶಕ್ತಿಗೆ" ಸತುವಿನ ಬಿ ಕಾಂಪ್ಲೆಕ್ಸ್ ಕೊಟ್ಟು ಎರಡನ್ನೂ ಊಟದ ನಂತರ ಒಟ್ಟಿಗೆ ನುಂಗಲು ಹೇಳುವುದು ನಮ್ಮಲ್ಲಿ ಪದ್ಧತಿಯೇ ಆಗಿದೆ. ಸಿಪ್ರೊಫ್ಲಾಕ್ಸಾಸಿನ್ ಆದರೆ ಅದನ್ನು ಎರಡು ತಾಸು ಮೊದಲು ಅಥವಾ ಆರು ತಾಸು ನಂತರ ತೆಗೆದುಕೊಳ್ಳಿ. ಇಲ್ಲವೇ ಕೋರ್ಸ್ ಮುಗಿಯುವ ಐದಾರು ದಿನ ವಿಟಮಿನ್ ಬಿಟ್ಟುಬಿಡಿ, ಏನೂ ಆಗುವುದಿಲ್ಲ.

ತಂದೆಯವರಿಗೆ ಈಗ ಇರುವ ದಾರಿಗಳು. ಮೆಟ್‌ಫಾರ್ಮಿನ್ ನಿಲ್ಲಿಸುವುದು ಅದರಲ್ಲಿ ಸೇರಿಲ್ಲ. ಬಿ12 ಕೊರತೆ ಸುಲಭವಾಗಿ ತುಂಬಬಹುದಾದ ನಷ್ಟ, ಅದಕ್ಕಾಗಿ ಸಕ್ಕರೆ ಹಿಡಿತ ತಪ್ಪಿಸಿಕೊಳ್ಳುವುದು ದುಬಾರಿ. ಪ್ಯಾಂಟೊಪ್ರಜೋಲ್ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಲೇಬೇಕು: ನಾಲ್ಕು ವರ್ಷದ ಹಿಂದೆ ಯಾವುದಕ್ಕೆ ಶುರುವಾಯಿತು, ಆ ಕಾರಣ ಈಗಲೂ ಇದೆಯಾ? ಆಸ್ಪಿರಿನ್ ನಡೆದಿದ್ದರೆ, ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆಗಿದ್ದರೆ ಅದು ಬೇಕು. ಬರೀ ಖಾರದ ಊಟದ ಎದೆಯುರಿಗೆ ಎಂದಾದರೆ ಇಳಿಸಬಹುದು. ನಾಳೆಯಿಂದಲೇ ಬಂದ್ ಮಾಡಿದರೆ ಒತ್ತಿಟ್ಟ ಆಮ್ಲ ದುಪ್ಪಟ್ಟಾಗಿ ಚಿಮ್ಮಿ "ಗುಳಿಗೆ ಇಲ್ಲದೆ ಬದುಕಿಲ್ಲ" ಎನಿಸುತ್ತದೆ. 40 ಮಿಲಿಗ್ರಾಂ ಇದ್ದದ್ದು 20ಕ್ಕೆ, ಆಮೇಲೆ ದಿನ ಬಿಟ್ಟು ದಿನ, ಹೀಗೆ ನಾಲ್ಕು ವಾರದಲ್ಲಿ ಇಳಿಸಿದರೆ ಸಹಿಸಬಹುದು.

ಬಿ12 ಕೊಡಲು ಸೂಜಿ, ಗುಳಿಗೆ ಎರಡೂ ಇವೆ. ನರದ ಲಕ್ಷಣ ಇರುವವರಿಗೆ ಸೂಜಿಯಿಂದ ಶುರು ಮಾಡುವುದು ವಾಡಿಕೆ. 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ವಾರಕ್ಕೊಮ್ಮೆ ನಾಲ್ಕು ವಾರ, ಮುಂದೆ ತಿಂಗಳಿಗೊಮ್ಮೆ ಎಂಬುದು ಬಳಕೆಯಲ್ಲಿರುವ ಒಂದು ಕ್ರಮ. ನಿಮ್ಮ ವೈದ್ಯರು ಬೇರೆ ಕ್ರಮ ಹೇಳಿದರೆ ಅದೂ ಸರಿಯೇ ಇರಬಹುದು. ಬಿ12 ಒಂದೇ ಇರುವ ಆಂಪೂಲ್ ನೀವೇ ಕೊಂಡು, ನಿಮ್ಮ ಕಣ್ಣೆದುರು ಒಡೆಸಿ ಹಾಕಿಸಿ. ಆಗ ಜೊತೆಗೆ ಏನು ಸೇರಿತು ಎಂಬ ಪ್ರಶ್ನೆಯೇ ಬರುವುದಿಲ್ಲ. ಗುಳಿಗೆಯಾದರೆ ದಿನಕ್ಕೆ 1000ದಿಂದ 2000 ಮೈಕ್ರೋಗ್ರಾಂ. ಇಷ್ಟು ದೊಡ್ಡ ಪ್ರಮಾಣ ಯಾಕೆ? ಮೇಲೆ ಹೇಳಿದ ಸುತ್ತಿನ ದಾರಿ ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂ ಮಾತ್ರ ಒಯ್ಯುತ್ತದೆ. ಆದರೆ ಆ ದಾರಿಯ ಹಂಗಿಲ್ಲದೆ ಸುಮಾರು ನೂರಕ್ಕೊಂದು ಪಾಲು ಕರುಳಿನ ಗೋಡೆಯ ಮೂಲಕ ತಾನಾಗಿ ಜಿನುಗುತ್ತದೆ. 1000ಕ್ಕೆ 10 ಮೈಕ್ರೋಗ್ರಾಂ ಆಯಿತು, ದಿನದ ಅಗತ್ಯಕ್ಕೆ ಸಾಕು. ಮೆಟ್‌ಫಾರ್ಮಿನ್ ಇದನ್ನು ತಡೆಯುವುದಿಲ್ಲ. ಗುಳಿಗೆಯ ಬಿ12 ಪ್ರೋಟೀನಿಗೆ ಅಂಟಿಕೊಂಡಿಲ್ಲವಾದ್ದರಿಂದ ಪ್ಯಾಂಟೊಪ್ರಜೋಲ್ ಇದ್ದರೂ ನಡೆಯುತ್ತದೆ. ಆದರೆ ಸಾಮಾನ್ಯ ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲ್‌ನಲ್ಲಿ ಇರುವ ಬಿ12 ಬಹುತೇಕ 15 ಮೈಕ್ರೋಗ್ರಾಂ ಆಸುಪಾಸು. ಈ ಕೊರತೆಗೆ ಅದು ಏನೇನೂ ಸಾಲದು.

ಇದರ ಅಪಾಯಗಳು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ತೀವ್ರ ರಕ್ತಹೀನತೆ ಇದ್ದವರಿಗೆ ಬಿ12 ಶುರು ಮಾಡಿದಾಗ ಹೊಸ ರಕ್ತಕಣಗಳು ಭರದಿಂದ ಹುಟ್ಟಿ ಪೊಟ್ಯಾಶಿಯಂ ಎಳೆದುಕೊಳ್ಳುತ್ತವೆ. ನೀರಿನ ಗುಳಿಗೆ, ಹೃದಯಕ್ಕೆ ಕೊಡುವ ಡಿಜಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಮೊದಲ ವಾರ ಪೊಟ್ಯಾಶಿಯಂ ನೋಡುವುದು ಒಳ್ಳೆಯದು. ಇನ್ನೊಂದು, ಸಕ್ಕರೆಯವರಿಗೇ ಸಂಬಂಧಿಸಿದ್ದು, ಹಲವರು ಮರೆಯುವುದು: ಬಿ12 ಕೊರತೆ ಇದ್ದಾಗ ರಕ್ತಕಣಗಳು ನಿಧಾನಕ್ಕೆ ಹುಟ್ಟುವುದರಿಂದ ಇರುವ ಹಳೆಯ ಕಣಗಳಿಗೆ ಹೆಚ್ಚು ಸಕ್ಕರೆ ಅಂಟಿ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಚಿಕಿತ್ಸೆ ಶುರುವಾದ ಮೇಲೆ ಹೊಸ ಕಣಗಳು ಬಂದು ಅದು ತಾತ್ಕಾಲಿಕವಾಗಿ ಇಳಿಯುತ್ತದೆ. ಸಕ್ಕರೆ ಹತೋಟಿಗೆ ಬಂತೆಂದು ಆಗ ಗುಳಿಗೆ ಕಡಿಮೆ ಮಾಡಿಬಿಡಬೇಡಿ. ಆ ಮೂರು ತಿಂಗಳು ಬರಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನೇ ನಂಬಿ.

ರಕ್ತ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ನರಕ್ಕೆ ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷ ಬೇಕು. ಮೊದಮೊದಲು ಚಿಮಿಚಿಮಿ ಹೆಚ್ಚಾದರೂ ಹೆದರಿ ಬಿಡಬಾರದು. ಒಂದು ವರ್ಷದ ಉರಿ ಪೂರ್ತಿ ಹೋಗದೆಯೂ ಇರಬಹುದು, ಮುಂದಕ್ಕೆ ಹರಡುವುದಂತೂ ನಿಲ್ಲಬೇಕು. ಸೂಜಿ ಶುರುವಾದ ಮೇಲೆ ತಿಂಗಳಿಗೊಮ್ಮೆ ಬಿ12 ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಸಂಖ್ಯೆ 2000 ದಾಟಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮತ್ತು ಒದ್ದೆ ಬಟ್ಟೆ ಸುತ್ತಿ ಮಲಗುವುದನ್ನು ಬಿಡಿಸಿ. ಸ್ಪರ್ಶ ತಿಳಿಯದ ಪಾದ ರಾತ್ರಿಯಿಡೀ ಒದ್ದೆಯಾಗಿದ್ದರೆ ಬೆರಳಸಂದಿ ಬಿರಿದು ಹುಣ್ಣಾಗುತ್ತದೆ. ಆ ಹುಣ್ಣು ಅಂಗಾಲು ಉರಿಗಿಂತ ದೊಡ್ಡ ತಲೆನೋವು.

ಉರಿ ತಾಳದೆ ಜನ ಮಾಡುವ ಇನ್ನೊಂದು ಕೆಲಸ, ಮೂರು ನಾಲ್ಕು ಬಗೆಯ ವಿಟಮಿನ್ ಒಟ್ಟಿಗೆ ನುಂಗುವುದು. ಬಿ12 ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ನಿಜ. ಬಿ6 ಹಾಗಲ್ಲ. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ಅದೇ ನರ ಕೆಡಿಸುತ್ತದೆ, ಲಕ್ಷಣವೂ ಅದೇ, ಕಾಲು ಉರಿ ಮತ್ತು ಜೋಮು. ಅಮೆರಿಕದಲ್ಲಿ ದಿನಕ್ಕೆ 100 ಮಿಲಿಗ್ರಾಂ ಮಿತಿ ಎಂದಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅದನ್ನು 12ಕ್ಕೆ ಇಳಿಸಿದೆ. ನಮ್ಮಲ್ಲಿ 40, 100 ಮಿಲಿಗ್ರಾಂ ಪಿರಿಡಾಕ್ಸಿನ್ ಗುಳಿಗೆ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿರುವ ಎಲ್ಲ ಹಾಳೆಗಳ ಬಿ6 ಅಂಕಿಯನ್ನು ಒಂದು ಕಾಗದದ ಮೇಲೆ ಬರೆದು ಕೂಡಿಸಿ ನೋಡಿ.

ತಾಯಿಯವರ ವಿಷಯ ಚಿಕ್ಕದು, ಆದರೆ ಮೂವರಲ್ಲಿ ಅವಸರ ಇರುವುದು ಇದಕ್ಕೇ. ಫೆನಿಟಾಯಿನ್ ವರ್ಷಾನುಗಟ್ಟಲೆ ತೆಗೆದುಕೊಂಡರೆ ದೇಹದ ಫೋಲೇಟ್ ಇಳಿಯುತ್ತದೆ, ಅವರ ರಕ್ತಹೀನತೆಗೆ ಅದೂ ಕಾರಣ ಇರಬಹುದು. ಅದಕ್ಕೆ ಫೋಲಿಕ್ ಆಸಿಡ್ ಕೊಟ್ಟದ್ದು ತರ್ಕವಿಲ್ಲದ ಕೆಲಸವಲ್ಲ. ಆದರೆ ಫೋಲಿಕ್ ಆಸಿಡ್ ಹೆಚ್ಚಾದಾಗ ಯಕೃತ್ತು ಫೆನಿಟಾಯಿನನ್ನು ಬೇಗ ಕರಗಿಸುತ್ತದೆ. ರಕ್ತದಲ್ಲಿ ಅದರ ಮಟ್ಟ ಇಳಿದು ಇಪ್ಪತ್ತು ವರ್ಷ ಸುಮ್ಮನಿದ್ದ ಫಿಟ್ಸ್ ಮರಳಬಹುದು. ಫೆನಿಟಾಯಿನ್‌ಗೆ ಒಂದು ವಿಚಿತ್ರ ಸ್ವಭಾವ ಇದೆ, ಪ್ರಮಾಣ ಸ್ವಲ್ಪ ಅತ್ತಿತ್ತ ಆದರೂ ರಕ್ತದ ಮಟ್ಟ ಬಹಳ ಅತ್ತಿತ್ತ ಆಗುತ್ತದೆ. ಹಾಗಾಗಿ ಫಿಟ್ಸಿಗೆ ನೋಡುವ ವೈದ್ಯರಿಗೆ ಈ ವಾರವೇ ತಿಳಿಸಿ. ಫೆನಿಟಾಯಿನ್ ಮಟ್ಟ ಈಗೊಮ್ಮೆ, ಎರಡು ಮೂರು ವಾರದ ನಂತರ ಮತ್ತೊಮ್ಮೆ ನೋಡಬೇಕು, ಒಂದು ಎಂಎಲ್‌ಗೆ 10ರಿಂದ 20 ಮೈಕ್ರೋಗ್ರಾಂ ನಡುವೆ ಇರಬೇಕು. 5 ಮಿಲಿಗ್ರಾಂ ಬೇಕೋ ಕಡಿಮೆ ಸಾಕೋ ಎಂದು ಅವರು ತೀರ್ಮಾನಿಸಲಿ. ಅಷ್ಟರಲ್ಲಿ ಫೆನಿಟಾಯಿನ್ ಒಂದು ಹೊತ್ತೂ ತಪ್ಪಬಾರದು. ಈಗಾಗಲೇ ತಿಂಗಳುಗಟ್ಟಲೆ ನಡೆದಿದ್ದರೆ ಫೋಲಿಕ್ ಆಸಿಡನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ, ಆಗ ಫೆನಿಟಾಯಿನ್ ಏರಿ ನಡಿಗೆ ತಪ್ಪುವುದು, ಎರಡೆರಡು ಕಾಣುವುದು ಆಗಬಹುದು. ಅವರ ಬಿ12 ಕೂಡ ನೋಡಿಸಿ. ಬಿ6 3 ಮಿಲಿಗ್ರಾಂ ಇರುವ ಸಾಮಾನ್ಯ ಕ್ಯಾಪ್ಸೂಲ್ ಅವರಿಗೆ ತೊಂದರೆಯಲ್ಲ. ನೂರರ ಲೆಕ್ಕದಲ್ಲಿ ಬಿ6 ತೆಗೆದುಕೊಂಡರೆ ಅದೂ ಫೆನಿಟಾಯಿನನ್ನು ಇಳಿಸುತ್ತದೆ.

ಇನ್ನು ನಿಮ್ಮ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಹೇಗಿದೆ ಎಂದು ನೋಡುವ ರಕ್ತಪರೀಕ್ಷೆ. ಕೂದಲಿನ ಗುಳಿಗೆಗಳಲ್ಲಿ ಬಯೋಟಿನ್, ಅಂದರೆ ಬಿ7, 5ರಿಂದ 10 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಬೇಕಾದದ್ದು 30ರಿಂದ 40 ಮೈಕ್ರೋಗ್ರಾಂ, ಅಂದರೆ ಗುಳಿಗೆಯಲ್ಲಿರುವುದು ಅದರ ನೂರಿಪ್ಪತ್ತೈದರಿಂದ ಮುನ್ನೂರಕ್ಕೂ ಹೆಚ್ಚು ಪಟ್ಟು. ಅನೇಕ ಪ್ರಯೋಗಾಲಯ ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಜೋಡಿಯ ಅಂಟನ್ನು ಬಳಸಿಯೇ ಹಾರ್ಮೋನು ಅಳೆಯುತ್ತವೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಅಂಟಿನ ಜಾಗವನ್ನು ಅದೇ ಆಕ್ರಮಿಸುತ್ತದೆ. ಫಲಿತಾಂಶ, ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3 ಟಿ4 ಇರುವುದಕ್ಕಿಂತ ಹೆಚ್ಚು ಬರುತ್ತವೆ. ಥೈರಾಯ್ಡ್ ಗುಳಿಗೆ ಅತಿಯಾಗಿದೆ ಎಂಬಂತೆಯೇ ಕಾಣುತ್ತದೆ. ಅದನ್ನು ನಂಬಿ ಗುಳಿಗೆ ಇಳಿಸಿದರೆ ಎರಡು ತಿಂಗಳಲ್ಲಿ ಸುಸ್ತು, ತೂಕ ಏರಿಕೆ, ಕೂದಲು ಮತ್ತಷ್ಟು ಉದುರುವುದು. ಬಯೋಟಿನ್ ಪೂರ್ತಿ ಮೂರು ದಿನ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಕಡಿಮೆ ಬಂದರೆ ಅದು ನಿಜ. ಎದೆನೋವಿಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಇದರಿಂದ ಸುಳ್ಳು ಹೇಳಬಹುದು, ಹೃದಯಾಘಾತ ಆಗಿದ್ದರೂ ಇಲ್ಲವೆಂಬಂತೆ. ಅಮೆರಿಕದ ಎಫ್‌ಡಿಎ 2017ರಲ್ಲಿ, ಮತ್ತೆ 2019ರಲ್ಲಿ ಈ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಕೂದಲಿನ ಗುಳಿಗೆಯಲ್ಲಿ ಕಬ್ಬಿಣ, ಸತು, ಕ್ಯಾಲ್ಸಿಯಂ ಇದೆಯೇ ಎಂದೂ ನೋಡಿ. ಇದ್ದರೆ ಬೆಳಗಿನ ಥೈರಾಕ್ಸಿನ್‌ಗೂ ಅದಕ್ಕೂ ನಾಲ್ಕು ತಾಸು ಅಂತರ ಬೇಕು. ರಾತ್ರಿ ಊಟದ ನಂತರ ತೆಗೆದುಕೊಂಡರೆ ಲೆಕ್ಕ ಹಾಕುವ ಗೋಜಿಲ್ಲ. ಅಂದಹಾಗೆ, ಬಯೋಟಿನ್ ಕೊರತೆ ಬಹಳ ಅಪರೂಪ. ಕೂದಲು ಉದುರುವವರಲ್ಲಿ ಮೊದಲು ನೋಡಬೇಕಾದದ್ದು ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್.

ನೀವು ಕೇಳದಿದ್ದರೂ ಓಣಿಯಲ್ಲಿ ಯಾರಿಗಾದರೂ ಬೇಕಾದೀತು ಎಂದು ಮೂರು ಮಾತು. ಕ್ಷಯಕ್ಕೆ ಔಷಧಿ ನಡೆದಿದ್ದರೆ ಅದರಲ್ಲಿರುವ ಐಸೋನಿಯಾಜಿಡ್ ಬಿ6ಅನ್ನು ನಿಷ್ಕ್ರಿಯ ಮಾಡುತ್ತದೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಕುಡಿತದವರು, ತೂಕ ಕಡಿಮೆ ಇರುವವರು ದಿನಕ್ಕೆ 10 ಮಿಲಿಗ್ರಾಂ ಪಿರಿಡಾಕ್ಸಿನ್ ಜೊತೆಗೆ ತೆಗೆದುಕೊಳ್ಳಲೇಬೇಕು. ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಇಲ್ಲಿ ವಿಟಮಿನ್ ಬಿಡುವುದೇ ಅಪಾಯ. ಬಿ6 ಇಲ್ಲದಿದ್ದರೆ ದೇಹ ತಾನೇ ಬಿ3 ತಯಾರಿಸುವುದೂ ಕುಂಠಿತವಾಗಿ ಬಿಸಿಲು ಬೀಳುವ ಕುತ್ತಿಗೆ, ಮುಂಗೈ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರಾ ಬರಬಹುದು. ಹಿಂದೆ ಬರೀ ಜೋಳ ತಿಂದು ಬದುಕುತ್ತಿದ್ದ ದಖ್ಖನಿನ ಬಡವರಲ್ಲಿ ಈ ಕಾಯಿಲೆ ಇತ್ತು, ಹೈದರಾಬಾದಿನಲ್ಲಿ ವಿಜ್ಞಾನಿಗಳಾದ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆಗೆ ಬೊಟ್ಟು ಮಾಡಿದ್ದರು. ಅವರ ವಾದ ಚರ್ಚೆಗೊಳಗಾಯಿತು. ರೊಟ್ಟಿ ಜೊತೆ ಬೇಳೆ, ಹಾಲು ಇರುವವರು ಹೆದರಬೇಕಿಲ್ಲ.

ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಫೋಲಿಕ್ ಆಸಿಡ್ ಕೊಡುವುದು ಅಡ್ಡಪರಿಣಾಮ ತಗ್ಗಲೆಂದು, ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್ ಇಲ್ಲದ ದಿನ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಎರಡೂ ಚಿಕ್ಕ ಹಳದಿ ಗುಳಿಗೆಗಳಾಗಿದ್ದು ಅದಲುಬದಲಾಗಿ ಮೆಥೊಟ್ರೆಕ್ಸೇಟನ್ನೇ ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಇವರಿಗೆ ಬಾಯಿಹುಣ್ಣಾದರೆ ಬಿ ಕಾಂಪ್ಲೆಕ್ಸ್ ತಂದು ಸುಮ್ಮನಿರಬಾರದು, ಅದು ಔಷಧಿ ವಿಷವಾಗುತ್ತಿರುವ ಮೊದಲ ಗುರುತು ಇರಬಹುದು. ಅದೇ ದಿನ ರಕ್ತಕಣಗಳ ಪರೀಕ್ಷೆ ಆಗಬೇಕು. ಗುಟ್ಕಾ, ತಂಬಾಕು ಹಾಕುವವರ ಬಾಯಿಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ಅದೂ ವಿಟಮಿನ್ ಕೊರತೆಯಲ್ಲ ಎಂದೇ ತಿಳಿದು ತೋರಿಸಿ. ಇನ್ನು ಹಸಿವೆ ಹೆಚ್ಚಿಸುವ ಸಿರಪ್‌ಗಳು: ಕೆಲವದರಲ್ಲಿ ಸಿಪ್ರೋಹೆಪ್ಟಡಿನ್ ಎಂಬ ಮಂಪರು ಬರಿಸುವ ಔಷಧಿ ಇದೆ, ಬಹಳಷ್ಟು ಸಿರಪ್‌ಗಳಲ್ಲಿ ಸಕ್ಕರೆ ಪಾಕವೇ ಆಧಾರ. ತಂದೆಯವರಿಗೆ ಎರಡೂ ಬೇಡ.

ಕೊನೆಗೆ ಫ್ರಿಜ್. ಬಿ12 ಆಂಪೂಲ್‌ಗೆ ಬೆಳಕು ದೊಡ್ಡ ಶತ್ರು, ಅದಕ್ಕೇ ಕಂದು ಗಾಜಿನಲ್ಲಿ, ಕಾಗದದ ಪೆಟ್ಟಿಗೆಯಲ್ಲಿ ಬರುತ್ತದೆ. ಆ ಪೆಟ್ಟಿಗೆಯಿಂದ ಹೊರಗೆ ತೆಗೆದಿಡಬೇಡಿ. ಬಹುತೇಕ ಪೆಟ್ಟಿಗೆಗಳ ಮೇಲೆ 25 ಅಥವಾ 30 ಡಿಗ್ರಿ ಮೀರಬಾರದು ಎಂದಿರುತ್ತದೆ. ರಾಯಚೂರು ಸೀಮೆಯ ಮೇ ತಿಂಗಳಲ್ಲಿ ತಗಡಿನ ಮನೆಯ ಒಳಗೂ ಅಷ್ಟು ಇಳಿಯುವುದಿಲ್ಲ. ಆದ್ದರಿಂದ ಇಡೀ ಕೋರ್ಸಿನ ಆಂಪೂಲ್ ಒಮ್ಮೆಗೇ ತರಬೇಡಿ, ಒಂದು ಸಲಕ್ಕೆ ಎರಡು ಮೂರು ಸಾಕು. ಅವನ್ನು ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಡಿಯುವ ನೀರಿನ ಮಣ್ಣಿನ ಮಡಕೆಯ ಪಕ್ಕ, ನೆಲಕ್ಕೆ ಹತ್ತಿರ ಇಡಿ, ತೇವ ತಾಗದಂತೆ. ಒಲೆಯ ಮೇಲಿನ ಗೂಡು, ಟಿವಿ ತಲೆ, ಬೈಕಿನ ಡಿಕ್ಕಿ ಬೇಡ. ದ್ರವದ ಕೆಂಪು ಬಣ್ಣ ಮಾಸಿದ್ದರೆ ಅಥವಾ ತಳದಲ್ಲಿ ಕಣ ಕಂಡರೆ ಒಡೆಯದೆ ಅಂಗಡಿಗೆ ಹಿಂದಿರುಗಿಸಿ. ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿಕೊಂಡು ಮೆತ್ತಗಾಗಿದ್ದರೆ ಅವನ್ನೂ ಬಳಸಬೇಡಿ.